ಮೂರು ಮಾರ್ಕಿನ ಕೊಸರು

ಬೆಳಗಿನಿಂದ ನಾವಿಬ್ಬರೂ ಅಂಗಳದಲ್ಲಿ ಮೆಣಸು ತುಳಿಯುತ್ತಿದ್ದೆವು. ಬಳ್ಳಿಯಿಂದ ಕೊಯ್ದ ಗೊಂಚಲನ್ನು ಎರಡು ದಿನ ರಾಶಿ ಹಾಕಿಟ್ಟು ಬರಿಗಾಲಲ್ಲಿ ತುಳಿದರೆ ಕಾಳು ಬಿಡುತ್ತದೆ. ಕಾಳು ಬಿಟ್ಟಷ್ಟೂ ಅಂಗಾಲು ಉರಿಯುತ್ತದೆ. ನಾನು ಚಪ್ಪರದ ಕಂಬ ಹಿಡಿದುಕೊಂಡು ತುಳಿಯುತ್ತಿದ್ದೆ. ನನ್ನ ಓರಗಿತ್ತಿ ಶಾಂತಕುಮಾರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏನನ್ನೂ ಹಿಡಿಯದೆ, ಮೈಯೊಳಗಿನ ಮೂಳೆಗಳ ಹೆಸರನ್ನು ಹಾಡಿನ ಹಾಗೆ ಹೇಳಿಕೊಂಡು ತುಳಿಯುತ್ತಿದ್ದಳು.

“ಪರೀಕ್ಷೆ ಮುಗೀತಲ್ಲ ಮಾರಾಯ್ತಿ, ಇನ್ನೂ ಯಾಕೆ ಆ ಮೂಳೆ ಜಪ?” ಎಂದೆ.

“ಕಾಲುರಿ ಮರೆಯೋಕೆ ಅಕ್ಕ. ಬೇಕಾದ್ರೆ ನೀವೂ ಹೇಳಿ.”

ಅಷ್ಟರಲ್ಲಿ ನಮ್ಮ ಮನೆಯ ಆಳು ಲಕ್ಕಯ್ಯ ಮಲ್ಲಂದೂರಿನಿಂದ ಬಂದ. ತಲೆಯ ಮೇಲೆ ಉಪ್ಪಿನ ಗಂಟು, ಕೈಯಲ್ಲಿ ಒಂದು ಲಕೋಟೆ.

“ಆಸ್ಪತ್ರೆ ಕಾಗದ ಕಣಮ್ಮ. ದಪ್ಪ ಇದೆ. ದಪ್ಪ ಇದ್ರೆ ಒಳ್ಳೇದೇ ಇರ್ಬೇಕು” ಎಂದು ಅವಳಿಗೆ ಕೊಟ್ಟ.

ಕುಮಾರಿ ಕೈ ಒರೆಸಿಕೊಂಡು, ಮೆಣಸಿನ ರಾಶಿಯ ಮೇಲೆ ನಿಂತೇ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮೂರು ಮಾರ್ಕು ಕಡಿಮೆ ಬಂದಿದೆ ಅಕ್ಕ” ಎಂದು ಮತ್ತೆ ತುಳಿಯತೊಡಗಿದಳು. ಮೂಳೆಗಳ ಹೆಸರು ಮಾತ್ರ ಆಮೇಲೆ ಕೇಳಿಸಲಿಲ್ಲ.

ಇದು ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಮಾತು. ಮಲ್ಲಂದೂರಿನಿಂದ ಒಂದು ಹರದಾರಿ ಈಚೆಗೆ ನಮ್ಮದು ಹತ್ತು ಎಕರೆ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಮಾವ ಶಾಂತವೀರಪ್ಪನವರು, ಅತ್ತೆ ದೇವೀರಮ್ಮನವರು. ಹಿರಿಯ ಮಗ ಷಡಕ್ಷರಿ, ನಮ್ಮವರು, ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕಿರಿಯ ಮೈದುನ ಮದುವೆಯಾದ ಎರಡನೆಯ ವರ್ಷವೇ ಜ್ವರದಲ್ಲಿ ಹೋದ. ಅವನ ಹೆಂಡತಿ ಶಾಂತಕುಮಾರಿ. ಅವಳಿಗಾಗ ಹತ್ತೊಂಬತ್ತು ವರ್ಷ. “ಮೂಲೇಲಿ ಕೂರಿಸಿ ಅನ್ನ ಹಾಕೋಕೆ ಅವಳೇನು ಒನಕೆನಾ?” ಎಂದು ಮಾವನವರೇ ಅವಳನ್ನು ಚಿಕ್ಕಮಗಳೂರಿನ ಹೆಂಗಸರ ಆಸ್ಪತ್ರೆಗೆ ಕರೆದೊಯ್ದು ನರ್ಸಿನ ಕೆಲಸ ಕಲಿಯಲು ಬಿಟ್ಟರು. ಅತ್ತೆ ಒಂದು ತಿಂಗಳು ಅವರ ಜತೆ ಮಾತು ಬಿಟ್ಟಿದ್ದರು. ಎರಡು ವರ್ಷ ಆಸ್ಪತ್ರೆಯಲ್ಲೇ ಇದ್ದು ಪರೀಕ್ಷೆ ಬರೆದು ಬಂದು, ಅವಳು ಫಲಿತಾಂಶಕ್ಕೆ ಕಾಯುತ್ತಿದ್ದಳು.

ಆ ದಿನ ಮಧ್ಯಾಹ್ನ ಮಾವನವರು ಲಿಂಗಪೂಜೆ ಮುಗಿಸಿ ಊಟಕ್ಕೆ ಕುಳಿತರು. ಅಕ್ಕಿರೊಟ್ಟಿ, ಕೆಸುವಿನ ಸೊಪ್ಪಿನ ಪಲ್ಯ. ಎರಡನೆಯ ರೊಟ್ಟಿ ಹಾಕುವಾಗ ಕುಮಾರಿ ಬಾಗಿಲ ಪಕ್ಕ ನಿಂತು ವಿಷಯ ಹೇಳಿದಳು.

“ನಲವತ್ತು ಬಂದ್ರೆ ಪಾಸು ಅಂದಿದ್ದೆಯಲ್ಲಮ್ಮ.”

“ಮೂರು ಪಾಠಕ್ಕೆ ನಲವತ್ತು ಮಾವ. ಅದರಲ್ಲೆಲ್ಲ ಅರವತ್ತರ ಮೇಲೇ ಬಂದಿದೆ. ಮದ್ದಿನ ಅಳತೆಗೆ ಮಾತ್ರ ಅರವತ್ತು ಬರ್ಲೇಬೇಕು. ಐವತ್ತೇಳು ಬಂತು.”

“ಹಾಗಾದ್ರೆ ಎರಡು ವರ್ಷ ಮಾಡಿದ್ದೆಲ್ಲ ನೀರಿಗೆ ಹೋಯ್ತಾ?”

“ಇಲ್ಲ. ಒಂದೇ ಪಾಠದಲ್ಲಿ ಹೋದವರಿಗೆ ಮಾರ್ಚಿ ಕೊನೇಲಿ ಅದೊಂದನ್ನೇ ಮತ್ತೆ ಇಡ್ತಾರೆ. ಮನೆ ಹಿರಿಯರು ಒಪ್ಪಿಗೆ ಕಾಗದ ಬರೀಬೇಕು. ಹದಿನೈದನೇ ತಾರೀಕಿನ ಒಳಗೆ ಅಲ್ಲಿಗೆ ಮುಟ್ಟಬೇಕು. ಮುಟ್ಟದಿದ್ರೆ ಇನ್ನೊಂದು ವರ್ಷ ಮೊದಲಿಂದ ಓದಬೇಕು.”

“ಇನ್ನೊಂದು ವರ್ಷ ಇಲ್ಲ” ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಮಾವನವರು ಮಜ್ಜಿಗೆ ಕುಡಿದರು. “ಕಾಗದ ಯಾಕೆ? ಮೂರು ಅಂದ್ರೆ ಎಂಥ ಮಹಾ. ಒಂದು ಕೊಳಗ ಮೆಣಸಿಗೆ ನಾವು ಮೂರು ಹಿಡಿ ಕೊಸರು ಹಾಕಲ್ವಾ? ಅವರೂ ಹಾಕ್ತಾರೆ. ನಾನೇ ಹೋಗಿ ಮಾತಾಡ್ತೀನಿ.”

ಕೊಸರು ಅಂದರೆ ನಮ್ಮ ಮನೆಯಲ್ಲಿ ದೇವರ ದೀಪದಷ್ಟೇ ದೊಡ್ಡದು. ಆಳಿಗೆ ಪಡಿ ಅಳೆಯಲಿ, ಪಕ್ಕದ ಮನೆಗೆ ಸಾಲವಾಗಿ ಅಕ್ಕಿ ಕೊಡಲಿ, ಸೇರು ತುಂಬಿ ಶಿಖರ ನಿಂತ ಮೇಲೆ ಇನ್ನೊಂದು ಹಿಡಿ ಬೀಳಲೇಬೇಕು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಸರಿಯಾಗಿ ಅಳೆದು ಕೈ ಕೊಡವಿದ್ದಕ್ಕೆ ಅತ್ತೆ, “ನಿಮ್ಮಪ್ಪನ ಮನೇಲಿ ಹೀಗೇನಾ ಅಳೆಯೋದು?” ಎಂದು ಎಲ್ಲರೆದುರು ಕೇಳಿದ್ದರು. ಕುಮಾರಿ ಹದಿನೇಳಕ್ಕೆ ಬಂದವಳು. ಅವಳ ಕೈಯನ್ನೂ ಅತ್ತೆಯೇ ತಿದ್ದಿದ್ದು.

ಮುಂದಿನ ಮಂಗಳವಾರ ಮಾವನವರು ಕೋಟು ತೊಟ್ಟು, ಪೇಟ ಸುತ್ತಿ, ಎರಡು ಸೇರು ಮೆಣಸು ಮತ್ತು ಒಂದು ಬಾಟಲಿ ಜೇನನ್ನು ಲಕ್ಕಯ್ಯನ ಹೆಗಲಿಗೆ ಏರಿಸಿ ಬಸ್ಸು ಹತ್ತಿದರು. ಮಾರನೆಯ ದಿನ ಸಂಜೆ ಬಂದವರು ಕಾಲು ತೊಳೆಯುವಾಗಲೇ ಚೆಂಬನ್ನು ಕುಕ್ಕಿದರು.

“ಏನಾಯ್ತು?” ಎಂದರು ಅತ್ತೆ.

“ನರ್ಸುಗಳ ಮೇಲಿನ ಆ ಮೇಟ್ರನಮ್ಮನಿಗೆ ದಾಕ್ಷಿಣ್ಯ ಅನ್ನೋದೇ ಇಲ್ಲ. ಅವಳ ಬಾಗಿಲಿಗೆ ನಾನಿನ್ನು ಹೋಗಲ್ಲ, ಕಾಗದವನ್ನೂ ಬರೆಯಲ್ಲ. ಇವಳು ಮನೇಲೇ ಇರಲಿ.”

ಅಷ್ಟು ಹೇಳಿ ಒಳಗೆ ಹೋದರು. ಮೆಣಸಿನ ಚೀಲವೂ ಜೇನಿನ ಬಾಟಲಿಯೂ ಹೋದ ಹಾಗೇ ವಾಪಸು ಬಂದಿದ್ದವು.

ನಡೆದದ್ದನ್ನು ಲಕ್ಕಯ್ಯ ಹಿತ್ತಿಲಲ್ಲಿ ಬೆಲ್ಲದ ಕಾಫಿ ಕುಡಿಯುತ್ತ ಹೇಳಿದ. “ಆ ಅಮ್ಮ ಮಂಗಳೂರು ಕಡೆಯೋರು. ಒಳ್ಳೇ ಮಾತೇ ಆಡಿದ್ರು. ಕುರ್ಚಿ ಕೊಟ್ರು. ಅಯ್ಯನೋರು, ಮೂರೇ ಮಾರ್ಕು, ಕೊಸರು ಅಂತ ಹಾಕ್ಬಿಡಿ ಅಂದ್ರು. ಆಗ ಆಯಮ್ಮ ನಕ್ಕು ಏನಂದ್ರು ಗೊತ್ತಾ? ‘ನಿಮ್ಮ ಸೊಸೆಗೆ ಮೂರು ಕಡಿಮೆ ಆಗಿದ್ದಲ್ಲ ಸ್ವಾಮಿ, ಹನ್ನೆರಡು ಹನಿ ಜಾಸ್ತಿ ಆಗಿದ್ದು’ ಅಂದ್ರು.”

“ಹಾಗಂದ್ರೆ?” ಎಂದಳು ಕುಮಾರಿ. ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದ್ದಳು.

“ಹನ್ನೆರಡು ಸಲ ಮದ್ದು ಅಳೆಯೋಕೆ ಕೊಟ್ಟಿದ್ರಂತೆ. ಹನ್ನೆರಡು ಸಲವೂ ಗೆರೆ ಮುಟ್ಟಿದ ಮೇಲೆ ನೀವು ಒಂದು ಹನಿ ಬಿಟ್ರಂತೆ. ಒಂದು ಸಲ ಆದ್ರೆ ಕೈತಪ್ಪು, ಹನ್ನೆರಡು ಸಲ ಆದ್ರೆ ಅದು ಮನೇಲಿ ಕಲಿಸಿದ್ದು ಅಂದ್ರು. ಅಯ್ಯನೋರು ಎದ್ದು ಬಂದ್ಬಿಟ್ರು. ನಾನು ಚೀಲ ಬಿಟ್ಟು ಬರೋಣ ಅಂದ್ರೆ, ಆಯಮ್ಮ, ಅದನ್ನೂ ತಗೊಂಡು ಹೋಗಪ್ಪ ಅಂದ್ರು.”

ಒಲೆಯ ಮುಂದಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. “ಕೊಸರು ಹಾಕಿದ್ದು ತಪ್ಪಂತಾ? ರೋಗಿಗೆ ಒಂದು ಹನಿ ಹೆಚ್ಚು ಕೊಟ್ಟರೆ ಅವರಪ್ಪನ ಗಂಟು ಹೋಯ್ತಾ? ಅಂಥ ಜಿಪುಣರ ಹತ್ತಿರ ಕಲಿಯೋದು ಬೇಡ. ಇವರು ಹೇಳಿದ್ದೇ ಸರಿ.”

ಹೀಗೆ, ಎರಡು ವರ್ಷದಿಂದ ಈ ವಿಷಯದಲ್ಲಿ ಒಂದಾಗದಿದ್ದ ಗಂಡ ಹೆಂಡತಿ ಆ ಸಂಜೆ ಒಂದಾದರು.

ಕುಮಾರಿ ಒಂದು ತಂಬಿಗೆಗೆ ನೀರು ತುಂಬಿ, ಸೇರಿನ ಪಾತ್ರೆಯೊಳಗಿನ ಒಂದು ಕಲೆಯ ಗುರುತಿನವರೆಗೆ ಸುರಿದಳು. ಗುರುತು ಮುಟ್ಟಿತು. ಮುಟ್ಟಿದ ಮೇಲೆ ಅವಳ ಮಣಿಕಟ್ಟು ತಾನಾಗಿಯೇ ಒಂದು ಸಲ ವಾಲಿತು, ಒಂದಿಷ್ಟು ನೀರು ಬಿತ್ತು.

“ನೋಡಿದ್ರಾ ಅಕ್ಕ? ನಾನು ಹಾಕಿದ್ದಲ್ಲ. ಕೈ ಹಾಕ್ತು.”

ಮತ್ತೆ ಮಾಡಿದಳು. ಮತ್ತೆ ವಾಲಿತು. ನನಗೆ ನಗು ಬಂತು. ಅವಳಿಗೂ ಬಂತು.

ನಿಜ ಹೇಳಬೇಕು. ಅವಳು ಮನೆಯಲ್ಲಿ ಉಳಿದರೆ ನನಗೆ ಲಾಭವಿತ್ತು. ಎರಡು ವರ್ಷ ಹಂಡೆ, ಕೊಟ್ಟಿಗೆ, ಒಲೆ ಎಲ್ಲ ನನ್ನೊಬ್ಬಳ ತಲೆಗೆ ಬಿದ್ದಿತ್ತು. ಅವಳು ಬಂದ ಮೇಲೆ ಮಧ್ಯಾಹ್ನ ಒಂದು ಗಳಿಗೆ ಚಾಪೆ ಹಾಸಲು ಸಿಗುತ್ತಿತ್ತು. ಅತ್ತೆಗೂ ಅದು ಗೊತ್ತಿತ್ತು. “ನೀನಾದರೂ ಹೇಳು ಅವಳಿಗೆ. ಇಬ್ಬರೂ ಇದ್ರೆ ನಿಂಗೇ ಸುಖ” ಎಂದು ರೊಟ್ಟಿ ತಟ್ಟುವಾಗ ನನ್ನ ಕಿವಿಯಲ್ಲಿ ಹಾಕುತ್ತಿದ್ದರು. ನಾನು ಹ್ಞೂಂ ಎಂದೂ ಹೇಳಲಿಲ್ಲ, ಊಹ್ಞೂಂ ಎಂದೂ ಹೇಳಲಿಲ್ಲ.

ಭಾನುವಾರ ನಮ್ಮವರು ಬಂದರು. ಎಸ್ಟೇಟಿನ ಡಿಸ್ಪೆನ್ಸರಿಯ ಕಂಪೌಂಡರ ಹತ್ತಿರ ಬೇಡಿ, ಮದ್ದು ಅಳೆಯುವ, ಅಂಚು ಒಡೆದ ಹಳೆಯ ಔನ್ಸ್ ಗ್ಲಾಸೊಂದನ್ನು ಕುಮಾರಿಗೆ ತಂದಿದ್ದರು. ಊಟಕ್ಕೆ ಕುಳಿತಾಗ ಅಪ್ಪನ ಹತ್ತಿರ ಮಾತು ತೆಗೆದರು.

“ಅಪ್ಪ, ಆ ಕಾಗದ ನಾನೇ ಬರೆದು ಹಾಕ್ಲಾ?”

“ಮನೆ ಹಿರಿಯರು ಬರೀಬೇಕಂತಲ್ಲ. ನಾನು ಸತ್ತಿದ್ದೀನಾ?”

“ಹಾಗಲ್ಲ. ನಿಮ್ಮ ಪರವಾಗಿ.”

“ನನ್ನ ಪರವಾಗಿ ಉಣ್ತೀಯಾ? ಸುಮ್ನೆ ಊಟ ಮಾಡು.”

“ನೀವೇ ಅವಳನ್ನ ಸೇರಿಸಿದ್ರಿ. ಊರಲ್ಲೆಲ್ಲ ಹೇಳ್ಕೊಂಡು ತಿರುಗಿದ್ರಿ. ಈಗ ಮೂರು ಮಾರ್ಕಿಗೆ...”

“ಮೂರು ಮಾರ್ಕಿನ ಮಾತಲ್ಲ ಮಾರಾಯ. ನಮ್ಮ ಮೆಣಸನ್ನ ಯಾರೂ ಇದುವರೆಗೆ ವಾಪಸು ಕಳಿಸಿರಲಿಲ್ಲ.”

ಎಸ್ಟೇಟಿನಲ್ಲಿ ಇನ್ನೂರು ಆಳಿನ ಹಾಜರಿ ಕರೆಯುವ ನಮ್ಮವರು ಮನೆಯಲ್ಲಿ ಅಪ್ಪನೆದುರು ಹುಳಿ ಕಲಸಿದ ಅನ್ನವನ್ನೇ ನೋಡುತ್ತಿದ್ದರು.

ಕುಮಾರಿ ಆ ಗ್ಲಾಸು ಹಿಡಿದು ಶುರು ಮಾಡಿದಳು. ಕಾಗದ ಹೋಗುತ್ತದೋ ಇಲ್ಲವೋ, ಅವಳಂತೂ ದಿನವೂ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹಿತ್ತಿಲ ಕಲ್ಲಿನ ಮೇಲೆ ಅದನ್ನಿಟ್ಟು ಮಂಡಿಯೂರಿ ಕೂರುತ್ತಿದ್ದಳು. ಗ್ಲಾಸಿನ ಗೆರೆಗೆ ಕಣ್ಣು ಸಮವಾಗಿರಬೇಕಂತೆ. ನೀರು ಅಂಚಿನಲ್ಲಿ ಏರಿ ನಡುವೆ ತಗ್ಗಿರುತ್ತದೆ, ಆ ತಗ್ಗು ಗೆರೆಯನ್ನು ಮುಟ್ಟಬೇಕು, ದಾಟಬಾರದು. ನನ್ನ ಕೆಲಸ, “ಅರ್ಧ ಔನ್ಸು”, “ಕಾಲು ಔನ್ಸು” ಎಂದು ಹೇಳುವುದು.

ಮೊದಲ ವಾರ ಹತ್ತಕ್ಕೆ ಆರು ಸಲ ಕೈ ವಾಲುತ್ತಿತ್ತು. ಮನಸ್ಸಿಟ್ಟು ಮಾಡಿದಾಗ ಸರಿ ಬರುತ್ತಿತ್ತು, ಮಾತಾಡುತ್ತ ಮಾಡಿದರೆ ತಪ್ಪುತ್ತಿತ್ತು.

“ಹಾಗಾದ್ರೆ ನೀವು ಮಾತಾಡ್ತಾನೇ ಇರಿ ಅಕ್ಕ. ಆಸ್ಪತ್ರೇಲಿ ಹತ್ತು ಜನ ಒಟ್ಟಿಗೆ ಕರೀತಿರ್ತಾರೆ.”

ನಾನು ಮಾತಾಡಿದೆ. ನನ್ನ ತವರಿನ ಎಮ್ಮೆಯ ಕಥೆ, ಅತ್ತೆಯ ತಂಗಿಯ ಮೂಗುತಿ ಕಳೆದುಹೋದ ಕಥೆ, ಏನು ಬಾಯಿಗೆ ಬಂತೋ ಅದು. ಅವಳು ನಗುತ್ತ ಅಳೆಯುತ್ತಿದ್ದಳು. ಎರಡನೆಯ ವಾರದ ಕೊನೆಗೆ ನಾನೆಷ್ಟು ನಗಿಸಿದರೂ ಮಣಿಕಟ್ಟು ಅಲುಗದಾಯಿತು.

ಒಂದು ದಿನ ಅತ್ತೆ ಹಿತ್ತಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು. “ಎರಡು ಎಮ್ಮೆ ಬಾಯಾರಿ ನಿಂತಿವೆ. ಇಲ್ಲಿ ಇಬ್ಬರು ಹೆಂಗಸರು ಗುಬ್ಬಿಗೆ ನೀರು ಅಳೀತಾ ಕೂತಿದ್ದಾರೆ.”

“ಎಮ್ಮೆಗೆ ಆಗಲೇ ಕುಡಿಸಿ ಆಯ್ತು ಅತ್ತೆ” ಎಂದಳು ಕುಮಾರಿ.

“ಹೋಗೋ ದಾರಿ ಮುಚ್ಚಿದೆ, ಇನ್ನೂ ಗಂಟು ಕಟ್ತಿದ್ದೀಯಲ್ಲ.”

“ದಾರಿ ತೆಗೆದ ದಿನ ಗಂಟು ಕಟ್ಟೋಕೆ ಹೊತ್ತಿರಲ್ಲ ಅತ್ತೆ.”

ಅತ್ತೆ ಬೆರಣಿ ಒಣಗಿದೆಯೇ ಎಂದು ಮುಟ್ಟಿ ನೋಡಿ ಒಳಗೆ ಹೋದರು.

ಮಾರ್ಚಿ ಐದನೆಯ ತಾರೀಕು ಮಾವನವರಿಗೆ ಚಳಿಜ್ವರ ಹಿಡಿಯಿತು. ನಮ್ಮ ಕಡೆ ಆಗ ಅದು ಬಾರದ ಮನೆಯೇ ಇರಲಿಲ್ಲ. ಮೂರು ಕಂಬಳಿ ಹೊದಿಸಿದರೂ ಮಂಚ ನಡುಗುತ್ತಿತ್ತು. ಲಕ್ಕಯ್ಯ ಡಿಸ್ಪೆನ್ಸರಿಗೆ ಓಡಿ ಕ್ವಿನೈನಿನ ಬಾಟಲಿ ತಂದ. ಬಾಟಲಿಯ ಮೈಗೆ ಕಂಪೌಂಡರು ಕಾಗದದ ಪಟ್ಟಿ ಅಂಟಿಸಿದ್ದರು. ಪಟ್ಟಿಯಲ್ಲಿ ಕತ್ತರಿಸಿದ ಹನ್ನೆರಡು ಮೆಟ್ಟಿಲು. ಹೊತ್ತಿಗೊಂದು ಮೆಟ್ಟಿಲು, ದಿನಕ್ಕೆ ಮೂರು, ನಾಲ್ಕು ದಿನಕ್ಕೆ ಸರಿ.

ಕುಮಾರಿ ಬಾಟಲಿಗೆ ಕೈ ಚಾಚಿದಳು. ಅತ್ತೆ ಅದನ್ನು ಸೆರಗಿನೊಳಗೆ ತೆಗೆದುಕೊಂಡರು.

“ನನ್ನ ಗಂಡನಿಗೆ ಮದ್ದು ಕೊಡೋಕೆ ನನಗೆ ಸರ್ಟಿಫಿಕೇಟು ಬೇಕಾ? ಫೇಲಾದವರು ಸುಮ್ನಿರಿ.”

ಆ ಮಾತು ಅವಳಿಗೆ ನಾಟಿತು. ಗಂಜಿ ಕಾಯಿಸಲು ಹೋದಳು.

ಎರಡು ದಿನದಲ್ಲಿ ಚಳಿ ನಿಂತಿತು. ಆದರೆ ಮೂರನೆಯ ದಿನ ಬೆಳಿಗ್ಗೆ ಮಾವನವರು ಎದ್ದು ಕೂತು, “ಯಾರು ಪಲ್ಪರ್ ತಿರುಗಿಸ್ತಿರೋದು?” ಎಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ನಮ್ಮ ಮನೆಯಲ್ಲಿ ಇರಲೇ ಇಲ್ಲ, ಕೊಯ್ಲು ಮುಗಿದು ತಿಂಗಳಾಗಿತ್ತು.

“ಯಾರೂ ಇಲ್ಲ” ಎಂದರು ಅತ್ತೆ.

“ಎಲ್ಲ? ಎಲ್ಲಿ?”

“ಯಾರೂ ಇಲ್ಲ ಅಂದೆ.”

“ಗಟ್ಟಿಯಾಗಿ ಹೇಳೇ. ಮೂರು ದಿನ ಮಲಗಿದ್ದಕ್ಕೆ ಪಿಸುಗುಟ್ಟೋಕೆ ಶುರು ಮಾಡಿದ್ದೀರಾ ಎಲ್ಲ?”

ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಗುಂಯ್ ಎನ್ನುತ್ತಿದೆ, ತಲೆ ತಿರುಗುತ್ತಿದೆ ಎಂದರು. ಜ್ವರ ತಲೆಗೇರಿತೆಂದು ಅತ್ತೆ ವಿಭೂತಿ ಹಚ್ಚಿದರು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಬೇಗ ಇಳಿಯಲೆಂದು ಹೊತ್ತಿಗೆ ಮುಂಚೆಯೇ ಮದ್ದು ಕೊಡಲು ಬಾಟಲಿ ತೆಗೆದರು. ಕುಮಾರಿ ಬಾಗಿಲಲ್ಲೇ ನಿಂತಿದ್ದಳು.

“ಅತ್ತೆ, ಇದುವರೆಗೆ ಎಷ್ಟು ಸಲ ಕೊಟ್ರಿ?”

“ನಿನ್ನೆ ರಾತ್ರಿವರೆಗೆ ಆರು.”

“ಆರು ಕೊಟ್ರೆ ಆರು ಮೆಟ್ಟಿಲು ಉಳೀಬೇಕು. ಬಾಟಲಿ ಬೆಳಕಿಗೆ ಹಿಡೀರಿ.”

ಅತ್ತೆ ಹಿಡಿದರು. ಮೂರು ಮೆಟ್ಟಿಲಿನಷ್ಟೂ ಉಳಿದಿರಲಿಲ್ಲ.

ನಾನು ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದೆ. ಅತ್ತೆ ಬಾಟಲಿಯನ್ನು ನೋಡಿದರು, ಕುಮಾರಿಯನ್ನು ನೋಡಿದರು.

“ಬೇಗ ವಾಸಿಯಾಗಲಿ ಅಂತ ಒಂದೊಂದು ಚೂರು ಮೇಲೆ ಹಾಕಿದೆ ಕಣೇ” ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಕಿವಿ ಗುಂಯ್ ಅನ್ನೋದು ಜ್ವರ ಅಲ್ಲ ಅತ್ತೆ. ಮದ್ದು ಹೆಚ್ಚಾದದ್ದು. ಈ ಹೊತ್ತಿನದು ಬೇಡ. ಲಕ್ಕಯ್ಯನ್ನ ಕಂಪೌಂಡರ ಹತ್ತಿರ ಕಳಿಸೋಣ, ಅವರು ಹೇಳಿದ ಮೇಲೆ ಕೊಡೋಣ.”

“ಕಿವಿ ಹೋಗೇ ಬಿಡ್ತದಾ?”

“ಇಲ್ಲ. ಬರ್ತದೆ. ಹೀಗೇ ಇನ್ನೂ ಎರಡು ದಿನ ಹೋಗಿದ್ರೆ ನನಗೆ ಗೊತ್ತಿಲ್ಲ.”

ಅತ್ತೆ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಮಾವನವರು ಮಂಚದ ಮೇಲಿನಿಂದ, “ಏನು ಅದು, ನನ್ನ ಮೇಲೆ ಏನೋ ಮಾತಾಡ್ತಿದ್ದೀರಿ” ಎಂದು ಕೂಗುತ್ತಲೇ ಇದ್ದರು.

ಒಂದು ದಿನ ನಿಲ್ಲಿಸಿ ಆಮೇಲೆ ಗುರುತಿನಷ್ಟೇ ಕೊಡಿ ಎಂದು ಕಂಪೌಂಡರು ಹೇಳಿ ಕಳಿಸಿದರು, ಹೊಸ ಬಾಟಲಿಯನ್ನೂ ಕೊಟ್ಟರು. ಹತ್ತಿರ ಕೂತು ಕುಮಾರಿಯೇ ಕೊಟ್ಟಳು. ಕಣ್ಣು ಗೆರೆಗೆ ಸಮ, ಮಣಿಕಟ್ಟು ನೆಟ್ಟಗೆ. ಅತ್ತೆ ಪ್ರತಿ ಸಲವೂ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು.

ಹನ್ನೊಂದನೆಯ ತಾರೀಕು ಬೆಳಿಗ್ಗೆ ಅತ್ತೆ ಮಂಚದ ಬುಡದಲ್ಲೇ ಕೂತು ಅಕ್ಕಿ ಆರಿಸುತ್ತ ನನಗೆ ಹೇಳುತ್ತಿದ್ದರು: “ಗಂಡಸರ ಹಟ ನೋಡು. ಮೂರು ಮಾರ್ಕಿಗೆ ಮೂರು ವಾರ ಮುಖ ಊದಿಸಿಕೊಂಡು ಕೂತರು. ಆ ಮೇಟ್ರನಮ್ಮ ಹೇಳಿದ್ದೇ ಸರಿ, ಇವರಿಗೆ ಅರ್ಥವಾಗೋಕೆ ಕಿವಿ ಹೋಗಬೇಕಾಯ್ತು.”

“ಹೋದದ್ದು ಬಂತು” ಎಂದರು ಮಾವನವರು ಕಂಬಳಿಯೊಳಗಿನಿಂದ.

ಅತ್ತೆ ಮೊರ ಬಿಟ್ಟು ಎದ್ದರು. “ಯಾವಾಗಿಂದ ಕೇಳಿಸ್ತಿದೆ?”

“ಗಂಡಸರ ಹಟ ಅಂದಾಗಿಂದ.”

ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅವತ್ತು. ಮಾವನವರು ಕಡುಬು ಬೇಕೆಂದರು. ಕಡುಬು ತಿಂದು, ಕಾಫಿ ಕುಡಿದು, ಜಗಲಿಗೆ ಬಂದು ಕೂತರು. “ಆ ಗ್ಲಾಸು ತಾರಮ್ಮ” ಎಂದು ಕುಮಾರಿಯನ್ನು ಕರೆದರು. “ನೀನು ದಿನಾ ಹಿತ್ತಿಲಲ್ಲಿ ಎಂಥ ಮಾಡ್ತೀಯೋ ಅದನ್ನ ಇಲ್ಲಿ ಮಾಡು. ಹನ್ನೆರಡು ಸಲ.”

ಜಗಲಿಯ ಕಟ್ಟೆಯ ಮೇಲೆ ಗ್ಲಾಸು ಇಟ್ಟಾಯಿತು. ಪಕ್ಕದಲ್ಲಿ ನೀರಿನ ತಂಬಿಗೆ. ನಾನು ಬಾಗಿಲಲ್ಲಿ ನಿಂತೆ. ಅತ್ತೆ ಕಂಬಕ್ಕೆ ಒರಗಿ ಕೂತರು. ಲಕ್ಕಯ್ಯ ಮೆಣಸಿನ ಚಾಪೆ ಮಡಿಸುವುದನ್ನು ಬಿಟ್ಟು ಅಂಗಳದಲ್ಲಿ ನಿಂತ.

“ಕಾಲು ಔನ್ಸು” ಎಂದರು ಮಾವನವರು. ಅವಳು ಅಳೆದಳು. ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. “ಹ್ಞೂಂ. ಚೆಲ್ಲು. ಅರ್ಧ ಔನ್ಸು.”

ಮೂರಾಯಿತು, ನಾಲ್ಕಾಯಿತು. ಐದನೆಯದರ ಹೊತ್ತಿಗೆ ಅವರು ಮಾತು ತೆಗೆದರು. “ಅಲ್ಲಮ್ಮ, ಆ ಆಸ್ಪತ್ರೇಲಿ ಸಾರಿಗೆ ಏನು ಹಾಕ್ತಿದ್ರು?”

“ಬೇಳೆಯ ಹೆಸರು ಹೇಳಿ ನೀರು ಹಾಕ್ತಿದ್ರು ಮಾವ” ಎಂದು ಅವಳು ಕಣ್ಣೆತ್ತದೆ ಅಳೆದಳು. ಗೆರೆ ಮುಟ್ಟಿತು, ನಿಂತಿತು.

“ಮೇಟ್ರನಮ್ಮ ಬಯ್ತಾಳಾ?”

“ಬಯ್ತಾರೆ. ನಿಮ್ಮಷ್ಟಿಲ್ಲ.”

ಲಕ್ಕಯ್ಯ ಕೆಮ್ಮಿದ. ಆರು, ಏಳು, ಎಂಟು. ಒಂಬತ್ತನೆಯದಕ್ಕೆ ಅತ್ತೆಯೇ, “ಎಮ್ಮೆ ಬಿಚ್ಚಿಕೊಂಡು ಹೋಯ್ತು ನೋಡೇ” ಎಂದು ಬಿಟ್ಟರು. ಕುಮಾರಿಯ ಕೈ ಅಲುಗಲಿಲ್ಲ. ಗೆರೆ ಮುಟ್ಟಿಸಿ ತಂಬಿಗೆ ಇಟ್ಟ ಮೇಲೆಯೇ ತಿರುಗಿ ನೋಡಿದಳು. ಎಮ್ಮೆ ಕಟ್ಟಿದಲ್ಲೇ ಇತ್ತು.

ಹನ್ನೆರಡು ಮುಗಿಯಿತು. ಮಾವನವರು ಆ ಗ್ಲಾಸನ್ನು ಕೈಯಲ್ಲಿ ತಿರುಗಿಸಿದರು.

“ಒಂದು ಮಾತು ಹೇಳು. ಉಳಿದ ಪಾಠಕ್ಕೆಲ್ಲ ನಲವತ್ತು ಇಟ್ಟು, ಇದಕ್ಕೊಂದಕ್ಕೇ ಅರವತ್ತು ಯಾಕಿಟ್ರು?”

“ಮೂಳೆ ಹೆಸರು ಮರೆತರೆ ಯಾರನ್ನಾದ್ರೂ ಕೇಳಬಹುದು ಮಾವ. ಮದ್ದು ಹೊಟ್ಟೆಗೆ ಹೋದ ಮೇಲೆ ವಾಪಸು ಕೇಳೋಕಾಗಲ್ಲ.”

ಅವರು ಕಿವಿಯನ್ನು ಒಮ್ಮೆ ಉಜ್ಜಿಕೊಂಡರು. “ಹಾಗಾದ್ರೆ ಅರವತ್ತು ಕಡಿಮೆಯಾಯ್ತು. ನೂರಕ್ಕೇ ಇಡಬೇಕಿತ್ತು. ಉಳಿದ ನಲವತ್ತರಲ್ಲಿ ನನ್ನಂಥವರು ಎಷ್ಟು ಜನ ಕಿವುಡರಾಗ್ತಾರೋ.”

“ಈ ಅಳತೆಗೆ ಎಷ್ಟು ಕೊಟ್ರಿ ಅಯ್ಯ, ನೂರಕ್ಕೆ?” ಎಂದ ಲಕ್ಕಯ್ಯ.

“ತೊಂಬತ್ತೆಂಟು. ನಿಮ್ಮಷ್ಟಿಲ್ಲ ಅಂದಳಲ್ಲ, ಅದಕ್ಕೆ ಎರಡು ಕಳೆದೆ.”

“ಆ ಎರಡು ಕೊಡಿ. ಅವಳು ನಿಜ ಹೇಳಿದ್ದು” ಎಂದರು ಅತ್ತೆ.

ಕುಮಾರಿ ತಲೆ ಬಗ್ಗಿಸಿ ತಂಬಿಗೆಯ ನೀರನ್ನು ತುಳಸಿಗಿಡಕ್ಕೆ ಹಾಕಿದಳು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಅವತ್ತೇ ಒಪ್ಪಿಗೆ ಕಾಗದ ಬರೆದು ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಮಾವನವರ ಸ್ವಭಾವ ಹಾಗಲ್ಲ. ಬರೆದರೆ ಹರಿದು ಬರೆಯಬೇಕು. ಹನ್ನೆರಡನೆಯ ತಾರೀಕು ಇಡೀ ದಿನ ಮೂರು ಹಾಳೆ ಹಾಳಾದವು. ಒಂದರಲ್ಲಿ ತಮ್ಮ ವಂಶದ ವಿವರ ಹೆಚ್ಚಾಯಿತು. ಇನ್ನೊಂದರಲ್ಲಿ ಮೆಣಸು ವಾಪಸು ಕಳಿಸಿದ್ದರ ಬಗ್ಗೆ ನಾಲ್ಕು ಸಾಲು ಬಂದುಬಿಟ್ಟಿತು. ಅತ್ತೆಗೆ ಓದು ಬಾರದು, ಆದರೆ ಗಂಡನ ಮುಖ ನೋಡಿ ಏನು ಬರೆಯುತ್ತಿದ್ದಾರೆಂದು ತಿಳಿಯುತ್ತಿತ್ತು. “ಜಗಳ ಬರೀತಿದ್ದೀರಿ. ಹರೀರಿ ಅದನ್ನ” ಎಂದು ಮೂರನೆಯದನ್ನು ಅವರೇ ಕಿತ್ತುಕೊಂಡು ಒಲೆಗೆ ಹಾಕಿದರು.

ಹದಿಮೂರನೆಯ ತಾರೀಕು ಬೆಳಿಗ್ಗೆ ಮಾವನವರು ಸ್ನಾನ, ಪೂಜೆ ಮುಗಿಸಿ ಕೂತರು. ಟಪಾಲಿನ ಬಸ್ಸು ಹತ್ತು ಗಂಟೆಗೆ ನಮ್ಮ ತಿರುವಿನ ರಸ್ತೆಯಲ್ಲಿ ಹೋಗುತ್ತಿತ್ತು. ಅದು ತಪ್ಪಿದರೆ ಮಾರನೆಯ ದಿನ ಭಾನುವಾರ, ಬಸ್ಸಿಲ್ಲ. ಹದಿನೈದಕ್ಕೆ ಕಾಗದ ಮುಟ್ಟುವ ಮಾತೇ ಇಲ್ಲ. ಲಕ್ಕಯ್ಯ ನಸುಕಿನಲ್ಲೇ ಮೆಣಸಿನ ಮೂಟೆ ಹೊತ್ತು ಸಂತೆಗೆ ಹೋಗಿಯಾಗಿತ್ತು.

“ಎಷ್ಟಾಯ್ತು?” ಎಂದು ಅತ್ತೆ ಅಡುಗೆಮನೆಯಿಂದ ಕೇಳಿದರು.

“ಶ್ರೀಮತಿಯವರಲ್ಲಿ ವಿಜ್ಞಾಪನೆ ಅನ್ನೋವರೆಗೆ.”

“ಆಮೇಲೆ?”

“ಯೋಚಿಸ್ತಿದ್ದೀನಿ.”

ಅತ್ತೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಯೋಚಿಸೋದು ಏನಿದೆ? ಸೊಸೆ ಪರೀಕ್ಷೆಗೆ ಬರ್ತಾಳೆ, ನಮ್ಮ ಒಪ್ಪಿಗೆ ಇದೆ. ಇಷ್ಟು ಬರೆದು ಹೆಸರು ಹಾಕಿ.”

“ಅಷ್ಟೇನಾ?”

“ಮತ್ತೆ ಇನ್ನೇನು ಬೇಕು?”

ಮಾವನವರು ಅಷ್ಟನ್ನೇ ಬರೆದರು. ಹೆಸರು ಹಾಕಿದರು. ಕುಮಾರಿ ವಿಳಾಸ ಬರೆದು ಲಕೋಟೆ ಅಂಟಿಸುವಾಗ ದೂರದ ಏರಿನಲ್ಲಿ ಬಸ್ಸಿನ ಸದ್ದು ಕೇಳಿತು. ಮಾವನವರು ಏಳಲು ಹೋದರು. ಜ್ವರದ ಕಾಲು, ತಡವರಿಸಿತು. ಕುಮಾರಿ ತುದಿಗಾಲಲ್ಲಿ ನಿಂತಳು.

“ನೀನು ಕೂತ್ಕೋ, ಇದು ನಿನ್ನ ಕೆಲಸ ಅಲ್ಲ” ಎಂದು ಅತ್ತೆ ಅವಳ ಕೈಯಿಂದ ಲಕೋಟೆ ಕಸಿದುಕೊಂಡು ಅಂಗಳ ಇಳಿದರು. ನಾನು ಹಿಂದೆಯೇ ಓಡಿದೆ. ಐವತ್ತೆಂಟು ವರ್ಷದ ಹೆಂಗಸು, ಹಿತ್ತಿಲಿನಾಚೆ ಅವರು ಅವಸರದಲ್ಲಿ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಕಾಫಿ ಗಿಡದ ನಡುವಿನ ಕಾಲುದಾರಿಯಲ್ಲಿ ಸೀರೆ ಮೊಣಕಾಲಿಗೆತ್ತಿ ಓಡಿದರು. ರಸ್ತೆಗೆ ನಾವು ಹತ್ತುವುದಕ್ಕೂ ಬಸ್ಸು ತಿರುವು ದಾಟುವುದಕ್ಕೂ ಸರಿಹೋಯಿತು. ಅತ್ತೆ ರಸ್ತೆಯ ನಟ್ಟ ನಡುವೆ ನಿಂತು, ಹಿಟ್ಟಿನ ಕೈ ಎತ್ತಿದರು.

ಬಸ್ಸು ಕಿರುಗುಟ್ಟಿ ನಿಂತಿತು. ಕಂಡಕ್ಟರು ಬಾಗಿಲಿಂದ ತಲೆ ಹಾಕಿದ.

“ಎಲ್ಲಿಗಮ್ಮ? ಬೇಗ ಹತ್ತಿ.”

“ನಾನು ಹತ್ತಲ್ಲಪ್ಪ. ಈ ಕಾಗದ ಹತ್ತುತ್ತದೆ.”

“ಕಾಗದಕ್ಕೆ ಬಸ್ಸು ನಿಲ್ಲಿಸಿದ್ರಾ? ಮಲ್ಲಂದೂರಲ್ಲಿ ಪೆಟ್ಟಿಗೆ ಇದೆಯಲ್ಲ.”

“ಮಲ್ಲಂದೂರಿಗೆ ಹೋಗೋ ಹೊತ್ತಿಗೆ ನೀನು ಚಿಕ್ಕಮಗಳೂರಲ್ಲಿರ್ತೀಯ. ಇದು ನಾಡಿದ್ದು ಅಲ್ಲಿ ಮುಟ್ಟಬೇಕು. ನಮ್ಮ ಸೊಸೆ ಪರೀಕ್ಷೆಗೆ ಹೋಗ್ತಿದ್ದಾಳೆ. ನರ್ಸು ಆಗ್ತಾಳೆ.”

ಒಳಗೆ ಕೂತವರೆಲ್ಲ ಕತ್ತು ಚಾಚಿ ನೋಡಿದರು. ಅತ್ತೆ ಇನ್ನೂ ಗಟ್ಟಿಯಾಗಿ, ಬಸ್ಸಿನ ಹಿಂದಿನ ಸಾಲಿಗೂ ಕೇಳುವ ಹಾಗೆ, “ನರ್ಸು” ಎಂದು ಮತ್ತೊಮ್ಮೆ ಹೇಳಿದರು.

ಕಂಡಕ್ಟರು ಲಕೋಟೆ ತೆಗೆದುಕೊಂಡು ಟಪಾಲಿನ ಚೀಲದ ಬಾಯಿ ಬಿಚ್ಚಿದ. ಅದು ಒಳಗೆ ಬೀಳುವವರೆಗೂ ಅತ್ತೆ ಬಸ್ಸಿನ ಬಾಗಿಲ ಕಂಬಿ ಬಿಡಲಿಲ್ಲ. ಬಿದ್ದ ಮೇಲೆ ಬಿಟ್ಟರು. ಬಸ್ಸು ಹೊರಟಿತು.